ಸ್ಪಷ್ಟನೆ: ಸ್ಮೋಕರ್‌ಗೆ ಹಸಿ ಜಾಲಿ ಬೇಡ

ಪಕ್ಕಕ್ಕೆ ಒಲೆಪೆಟ್ಟಿಗೆ ಕೂರಿಸಿ ಡ್ರಮ್ಮಿನಲ್ಲಿ ಸ್ಮೋಕರ್ (ಮಾಂಸವನ್ನು ಸೌದೆಯ ಹೊಗೆ, ಶಾಖದಲ್ಲಿ ಬೇಯಿಸುವ ಸಾಧನ) ಮಾಡಿಕೊಳ್ಳುವ ಬಳ್ಳಾರಿ, ಕೊಪ್ಪಳ ಕಡೆಯವರಲ್ಲಿ ‘ಹಸಿ ಬಳ್ಳಾರಿ ಜಾಲಿ ಹಾಕಿ ಚಿಮಣಿ ಅರ್ಧ ಮುಚ್ಚಿದರೆ ಹೊಗೆ ಹೆಚ್ಚು, ರುಚಿಯೂ ಹೆಚ್ಚು’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಜಾಲಿ ಒಳ್ಳೆಯ ಸೌದೆಯೇ. ತೊಂದರೆ ಇರುವುದು ಹಸಿತನದಲ್ಲಿ. ಸೌದೆಯ ನೀರು ಆವಿಯಾಗಲು ಶಾಖ ಖರ್ಚಾಗಿ ಬೆಂಕಿ ಮಂಕಾಗುತ್ತದೆ. ದಟ್ಟ ಬಿಳಿ ಹೊಗೆಯ ಟಾರು ಮಾಂಸದ ಮೇಲೆ ಕೂತು ಕಹಿಯಾಗುತ್ತದೆ. ಮುಚ್ಚಳದ ಒಳಮೈಗೆ ಕಪ್ಪು ಜಿಗುಟು ಹತ್ತಿದ್ದರೆ ಅದೇ ಗುರುತು.

ಸೀಳಿ ಆರು ತಿಂಗಳು ಒಣಗಿಸಿದ, ಮಣಿಕಟ್ಟಿನ ದಪ್ಪದ ತುಂಡು ಬಳಸಿ. ಒಂದಕ್ಕೊಂದು ಬಡಿದರೆ ಟಣ್ ಎನ್ನಬೇಕು. ಚಿಮಣಿ ಪೂರ್ತಿ ತೆರೆದಿರಲಿ. ಶಾಖವನ್ನು ಒಲೆಪೆಟ್ಟಿಗೆಯ ಗಾಳಿಕಿಂಡಿಯಿಂದ ಹತೋಟಿಯಲ್ಲಿಟ್ಟು, ಮಾಂಸದ ಮಟ್ಟದಲ್ಲಿ 110ರಿಂದ 130 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳಿ. ಹೊಗೆ ತೆಳು ನೀಲಿಯಾಗಿ, ಕಂಡೂ ಕಾಣದಂತಿದ್ದರೆ ಸಾಕು.