ಸಂದರ್ಶನಕ್ಕೆ ಮನೆ ಸಾಕು, ಕೆಲಸಕ್ಕೆ ಸಾಲದು

ಬೆಳಿಗ್ಗೆಯಿಂದ ಮೈಯೆಲ್ಲ ಉರಿಯುತ್ತಿದೆ. ಶಿರಸಿಯ ನಮ್ಮ ಚಿಕ್ಕಮ್ಮನ ಮಗಳು ನಿಮ್ಮಲ್ಲಿ ಹಲವರಿಗೆ ಗೊತ್ತು; ಗಾಲಿಕುರ್ಚಿಯಲ್ಲೇ ಓಡಾಡಿ ಬಿ.ಕಾಂ. ಮುಗಿಸಿದವಳು. ಬೆಂಗಳೂರಿನ ಕಂಪನಿಯೊಂದು ಅವಳನ್ನು ವಿಡಿಯೊ ಕರೆಯಲ್ಲೇ ಸಂದರ್ಶಿಸಿತು, ವಿಡಿಯೊ ಕರೆಯಲ್ಲೇ ಪರೀಕ್ಷಿಸಿತು, ಆಯ್ಕೆಯನ್ನೂ ಮಾಡಿತು. ಕೊನೆಗೊಂದು ಸಾಲು: ವಾರಕ್ಕೆ 5 ದಿನ ಕಚೇರಿಗೆ ಬರುವುದು ಕಡ್ಡಾಯ. ತಮಾಷೆಯೆಂದರೆ ಅವಳ ತಂಡದ ಮುಖ್ಯಸ್ಥರು ಇರುವುದು ಪುಣೆಯಲ್ಲಿ. ಅಂದರೆ ಶಿರಸಿ ಬಿಟ್ಟು ಬಂದು, ದಿನವೂ ಹೊರವರ್ತುಲ ರಸ್ತೆಯ ದಟ್ಟಣೆ ದಾಟಿ, ಕಚೇರಿಯಲ್ಲಿ ಕುಳಿತು ಪುಣೆಗೆ ವಿಡಿಯೊ ಕರೆ ಮಾಡಬೇಕು!

ಕಚೇರಿಯ ಹತ್ತಿರದ ಪಿಜಿಗಳನ್ನು (ಊಟ-ವಸತಿಯ ಬಾಡಿಗೆ ಕೋಣೆಗಳನ್ನು) ನಾನೇ ನೋಡಿ ಬಂದೆ. ಲಿಫ್ಟ್ ಇದ್ದ ಒಂದರಲ್ಲಿ ಬಚ್ಚಲಿನ ಬಾಗಿಲಿಗೆ ಟೇಪು ಹಿಡಿದರೆ 24 ಅಂಗುಲ. ಅವಳ ಕುರ್ಚಿ 26. ಮಾಲೀಕರು "ಅಡ್ಜಸ್ಟ್ ಮಾಡಿಕೊಳ್ಳಿ ಮೇಡಂ" ಎಂದರು. ಏನನ್ನು? ಗೋಡೆಯನ್ನೋ, ಅವಳ ಸೊಂಟವನ್ನೋ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ಈ ಕಂಪನಿಯವರೂ ಪ್ರಕಟಿಸಿದ್ದಾರೆ. ಜಾಲತಾಣದಲ್ಲಿ ನಗುಮುಖದ ಹುಡುಗಿಯೊಬ್ಬಳು ಗಾಲಿಕುರ್ಚಿಯಲ್ಲಿದ್ದಾಳೆ. ಚಿತ್ರದವಳಿಗೆ ಬಚ್ಚಲು ಬೇಕಿಲ್ಲವಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಐಟಿ ಕಂಪನಿಗಳು ಕೆಲವೇ ದಿನಗಳಲ್ಲಿ ಕೆಲಸವನ್ನೆಲ್ಲ ಮನೆಗಳಿಗೆ ಸಾಗಿಸಿದ್ದವು. ತಮಗೆ ಬೇಕಾದಾಗ ಎಲ್ಲವೂ ಆಗುತ್ತದೆ. ಅವಳಿಗೆ ಬೇಕಾದಾಗ ನಿಯಮ ಅಡ್ಡ ಬರುತ್ತದೆ. 2017ರ ಹೆರಿಗೆ ಸೌಲಭ್ಯ ಕಾಯ್ದೆಯ ತಿದ್ದುಪಡಿಯೂ ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡಲು ಅವಕಾಶ ಕೊಟ್ಟಿತ್ತು, ಕಂಪನಿಯ ಮಾಲೀಕರು ಒಪ್ಪಿದರೆ. ಚಿಲಕ ಯಾವಾಗಲೂ ಅವರ ಕೈಯಲ್ಲೇ.

"ಮಲೆನಾಡಿನಲ್ಲಿ ನೆಟ್‌ವರ್ಕ್ ಎಲ್ಲಿದೆ, ಮಳೆಗಾಲದಲ್ಲಿ ಕರೆಂಟ್ ಎಲ್ಲಿರುತ್ತದೆ" ಎಂದು ಕೇಳಲು ಬರುತ್ತೀರಿ, ಗೊತ್ತು. ನಿಜ, ಗುಡ್ಡ ಹತ್ತಿ ಆನ್‌ಲೈನ್ ಪಾಠ ಕೇಳಿದ ಮಕ್ಕಳ ಸೀಮೆ ನಮ್ಮದು. ಆದರೆ ಅವಳ ಮನೆಗೆ ಫೈಬರ್ ಬಂದಿದೆ, ಇನ್ವರ್ಟರ್ ಇದೆ. ಸಂದರ್ಶನಗಳೆಲ್ಲ ಜುಲೈ ಮಳೆಯಲ್ಲೇ ನಡೆದವು. ಕರೆ ಕಡಿದುಹೋದದ್ದು ಒಮ್ಮೆ, ಅದೂ ಪುಣೆಯ ಕಡೆಯಿಂದ.

ನನ್ನ ಮಾತು ಬೇರೆ. ನನಗೆ ಕಚೇರಿಯೇ ಇಷ್ಟ. ಮನೆಯಲ್ಲಿದ್ದರೆ ಅತ್ತೆಯವರ ಧಾರಾವಾಹಿ, ಮಧ್ಯಾಹ್ನದ ಪಾತ್ರೆ ಎರಡೂ ನನ್ನ ಪಾಲಿಗೆ ಬರುತ್ತವೆ. ನನ್ನಂಥವರು ಹೋಗೋಣ, ಯಾರು ಬೇಡವೆಂದರು? ಅವಳ ಅರ್ಧ ಸಂಬಳ ಬೆಂಗಳೂರಿನ ಬಾಡಿಗೆಗೆ ಸೋರಿಹೋಗುವ ಬದಲು ಶಿರಸಿಯ ಪೇಟೆಯಲ್ಲಿ ಖರ್ಚಾದರೆ ಯಾರಪ್ಪನ ಗಂಟು ಹೋಗುತ್ತದೆ?

ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶ, ಜಿಎಸ್‌ಟಿ ರಿಟರ್ನ್ ಎರಡನ್ನೂ ಚೆನ್ನಾಗಿ ಬಲ್ಲವಳು. ಮನೆಯಿಂದಲೇ ಮಾಡುವ ಕೆಲಸವಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. "ನೀವೇ ಸ್ಫೂರ್ತಿ" ಎಂದು ಕೈಮುಗಿಯುವ ಇಮೋಜಿ ಹಾಕುವವರು ದಯವಿಟ್ಟು ಬೇಡ.