ಹಸುವಿನ ಮಾಂಸಖಂಡ ಹಾಳು ಮಾಡೋದು ಲಂಟಾನ ಅಲ್ಲ

ಲಂಟಾನ ತಿಂದ ಹಸುವಿನ ಮಾಂಸಖಂಡ ಕೊಳೆಯುತ್ತದೆ, ತಕ್ಷಣ ಸೆಲೆನಿಯಂ ಇಂಜೆಕ್ಷನ್ ಕೊಡಿಸಿ ಅಂತ ಕುಶಾಲನಗರ, ಸೋಮವಾರಪೇಟೆ ಕಡೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು.

ಲಂಟಾನ ಕೆಡಿಸೋದು ಲಿವರ್. ಕಾಮಾಲೆ ಬರುತ್ತದೆ, ಬಿಸಿಲಿಗೆ ಬಿಳಿ ಚರ್ಮ ಸುಲಿಯುತ್ತದೆ.

ಮಾಂಸಖಂಡಕ್ಕೆ ಹೊಡೆಯೋದು ದೊಡ್ಡ ತಗಚೆ, ಅದರಲ್ಲೂ ಅದರ ಬೀಜ. ನಾವು ಮಳೆಗಾಲದಲ್ಲಿ ಪಲ್ಯ ಮಾಡುವ ತಗಚೆಯ ಎಲೆ ತುದಿ ಗುಂಡಗಿರುತ್ತದೆ, ಇದರದ್ದು ಚೂಪು, ಉಜ್ಜಿದರೆ ಕೆಟ್ಟ ವಾಸನೆ, ಕಾಯಿ ಚಪ್ಪಟೆಯಾಗಿ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಇದನ್ನು ಜಾಸ್ತಿ ತಿಂದ ಹಸುವಿಗೆ ಮೊದಲು ಭೇದಿ, ಆಮೇಲೆ ಹಿಂಗಾಲು ಸೋಲುತ್ತದೆ, ಸತ್ತ ಮಾಂಸಖಂಡದ ಬಣ್ಣ ಇಳಿದು ಗಂಜಲ ಕಾಫಿ ಡಿಕಾಕ್ಷನ್ ಥರ ಕಪ್ಪಾಗುತ್ತದೆ. ನೆಲ ಹಿಡಿದರೂ ಎಷ್ಟೋ ಹಸುಗಳು ಚುರುಕಾಗಿ ಹುಲ್ಲು ತಿನ್ನುತ್ತಲೇ ಇರುತ್ತವೆ, ನೋಡಿದರೆ ಕರುಳು ಚುರುಕ್ ಅನ್ನುತ್ತದೆ.

ಇದಕ್ಕೆ ಪ್ರತಿವಿಷ ಇಲ್ಲ. ಸೆಲೆನಿಯಂ, ವಿಟಮಿನ್ ಇ ಕೊಟ್ಟರೆ ಈ ವಿಷದಲ್ಲಿ ಇನ್ನೂ ಕೆಡಬಹುದು, ಹಾಗಾಗಿ ದಯವಿಟ್ಟು ಸುಮ್ನೆ ಚುಚ್ಚಿಸಬೇಡಿ, ಡಾಕ್ಟರಿಗೆ ಗಿಡವನ್ನೇ ಕಿತ್ತು ತೋರಿಸಿ. ಒಣಗಿದರೂ ವಿಷ ಹೋಗಲ್ಲ, ಹುಲ್ಲು ಕೊಯ್ಯುವ ಮೊದಲೇ, ಕಾಯಿ ಕಟ್ಟೋಕೆ ಮುಂಚೆ ಬೇರು ಸಮೇತ ಕಿತ್ತುಹಾಕಿ.