ನಿಯಮಾನುಸಾರ ಒಂದು ಬಟ್ಟಲು ಚಹಾ

ಇಷ್ಟು ವರ್ಷವೂ ನಾನು ಚಹಾವನ್ನು ಬರೀ ಅಂದಾಜಿನ ಮೇಲೆ ಕುಡಿದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನೀರು ಕುದಿಯುತ್ತಿತ್ತು, ಚಮಚಕ್ಕೆ ಬಂದಷ್ಟು ಪುಡಿ ಬೀಳುತ್ತಿತ್ತು, ಬಣ್ಣ ಕಣ್ಣಿಗೆ ಒಪ್ಪಿದ ಕೂಡಲೇ ಸೋಸಿ ಕುಡಿದು ಮುಂದಿನ ಕೆಲಸ ನೋಡುತ್ತಿದ್ದೆ. ಬೆಳಗಿನ ಆ ಹತ್ತು ನಿಮಿಷದ ಸುಖದ ಮೇಲೆ ಇಷ್ಟೊಂದು ಸಂಸ್ಥೆಗಳು, ನ್ಯಾಯಾಲಯಗಳು, ರಾಯಭಾರ ಕಚೇರಿಗಳು ಮತ್ತು ಕೆಲವು ದಿವಂಗತ ರಾಜರು ಹಕ್ಕು ಸಾಧಿಸಿದ್ದಾರೆಂಬುದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಸುಮ್ಮನಿರುವುದು ಸತ್ಪ್ರಜೆಯ ಲಕ್ಷಣವಲ್ಲ. ಆದ್ದರಿಂದ ಕಳೆದ ಭಾನುವಾರ, ಒಂದೇ ಒಂದು ಬಟ್ಟಲು ಚಹಾವನ್ನು ಸಂಪೂರ್ಣವಾಗಿ ನಿಯಮಾನುಸಾರ ಕುಡಿಯಬೇಕೆಂದು ಸಂಕಲ್ಪ ಮಾಡಿದೆ.

ಮೊದಲು ಕೈಗೆತ್ತಿಕೊಂಡದ್ದು ಐಎಸ್‌ಒ 3103. ಯಂತ್ರದ ತಿರುಪು, ಕಾಗದದ ಅಳತೆ ಮುಂತಾದವಕ್ಕೆ ಜಗತ್ತಿನಾದ್ಯಂತ ಒಂದೇ ಮಾನಕ ಇರಲೆಂದು ದುಡಿಯುವ ಸಂಸ್ಥೆಯೇ 1980ರಲ್ಲಿ ಚಹಾ ಕಷಾಯಕ್ಕೂ ಒಂದು ಮಾನಕವನ್ನು ಹೊರಡಿಸಿದೆ. ಪಾತ್ರೆ ಪಿಂಗಾಣಿಯದಾಗಿರಬೇಕು ಅಥವಾ ಮೆರುಗು ಕೊಟ್ಟ ಮಣ್ಣಿನದಾಗಿರಬೇಕು. ಪ್ರತಿ 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ ಹಾಕಿ, ಆಗಷ್ಟೇ ಕುದಿ ಬಂದ ನೀರನ್ನು ಪಾತ್ರೆಯ ಅಂಚಿನಿಂದ 4ರಿಂದ 6 ಮಿಲಿಮೀಟರ್ ಕೆಳಗಿನವರೆಗೆ ತುಂಬಿ, ಮುಚ್ಚಳ ಹಾಕಿ, ಸರಿಯಾಗಿ 6 ನಿಮಿಷ ಕಾಯಬೇಕು. ನಾನು ಅಳತೆಪಟ್ಟಿಯನ್ನು ಪಾತ್ರೆಯೊಳಗೆ ಇಳಿಬಿಟ್ಟು, ಹಬೆಯಲ್ಲಿ ಕನ್ನಡಕ ಮಂಜಾಗಿ, 5 ಮಿಲಿಮೀಟರಿನ ಗೆರೆಯನ್ನು ಬೆರಳಿನಿಂದ ತಡವಿ ಕಂಡುಕೊಂಡೆ. ಬೆರಳು ಸುಟ್ಟುದರ ಬಗ್ಗೆ ಮಾನಕದಲ್ಲಿ ಏನೂ ಹೇಳಿಲ್ಲ. ಇದರ ಬ್ರಿಟಿಷ್ ಆವೃತ್ತಿ ಆರು ಪುಟಗಳದು. ಆ ಆರು ಪುಟಗಳಿಗಾಗಿ ಬ್ರಿಟಿಷ್ ಪ್ರಮಾಣೀಕರಣ ಸಂಸ್ಥೆಗೆ 1999ರಲ್ಲಿ ಇಗ್ ನೊಬೆಲ್ ಎಂಬ ನಗೆಯ ಬಹುಮಾನ ಬಂದಿತು, ಅದೂ ಸಾಹಿತ್ಯ ವಿಭಾಗದಲ್ಲಿ. ಓದಿ ನೋಡಿದವನಾಗಿ ಹೇಳುತ್ತೇನೆ, ಆಯ್ಕೆ ಸರಿಯಾಗಿಯೇ ಇದೆ.

ಆರು ನಿಮಿಷ ಕಳೆದು ಹಾಲಿನ ಪ್ರಶ್ನೆ ಬಂದಾಗ ನಿಜವಾದ ಧರ್ಮಸಂಕಟ ಎದುರಾಯಿತು. ಹಾಲು ಮೊದಲೋ ಚಹಾ ಮೊದಲೋ ಎಂಬುದು ಸಂಬಂಧಗಳನ್ನೇ ಕೆಡಿಸಬಲ್ಲ ವಿವಾದ. ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ 2003ರಲ್ಲಿ ಹಾಲಿನ ಪರವಾಗಿ ತೀರ್ಪು ಕೊಟ್ಟಿತು. ಬಿಸಿ ಚಹಾಕ್ಕೆ ಹಾಲು ಸುರಿದರೆ ಅದರ ಪ್ರೋಟೀನುಗಳು ತೀರ ಬಿಸಿಗೆ ಸಿಕ್ಕಿ ರೂಪಗೆಡುತ್ತವೆ, ಹಾಲು ಮೊದಲೇ ಬಟ್ಟಲಿನಲ್ಲಿದ್ದರೆ ಆ ಅಪಾಯವಿಲ್ಲ ಎಂಬುದು ಅದರ ವಾದ. ಮಾನಕದ ಒಲವೂ ಹಾಲಿನತ್ತಲೇ ಇದೆ. ಆದರೆ ಹಾಲನ್ನು ಆಮೇಲೆಯೇ ಹಾಕುವ ಹಟಮಾರಿಗಳಿಗೂ ಅದು ದಾರಿ ತೋರುತ್ತದೆ. ಅಂಥವರು ಚಹಾದ ತಾಪ 65ರಿಂದ 80 ಡಿಗ್ರಿ ಸೆಲ್ಸಿಯಸ್ ಒಳಗಿರುವಾಗ ಹಾಕಿದರೆ ಫಲ ಉತ್ತಮವಂತೆ. ನಾನು ಹುಟ್ಟಾ ಹಟಮಾರಿ. ಉಷ್ಣಮಾಪಕ ತಂದೆ.

ತಂದದ್ದೇ ತಪ್ಪಾಯಿತು. ಏಕೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ, 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯವನ್ನು ಕುಡಿಯುವುದು ಪ್ರಾಯಶಃ ಅನ್ನನಾಳದ ಕ್ಯಾನ್ಸರಿಗೆ ಕಾರಣವೆಂದು ಸಾರಿದೆ. ಒಂದು ಸಂಸ್ಥೆಯ ಹಸಿರು ಗೆರೆ ಆರಂಭವಾಗುವ ಡಿಗ್ರಿಯಲ್ಲೇ ಇನ್ನೊಂದು ಸಂಸ್ಥೆಯ ಕೆಂಪು ಗೆರೆಯೂ ಆರಂಭವಾಗುತ್ತದೆ! ಅದೇ ಸಂಸ್ಥೆ 1991ರಿಂದ ಮೂತ್ರಕೋಶದ ಕ್ಯಾನ್ಸರಿನ ಶಂಕೆಯ ಮೇಲೆ ಕಾಫಿಯನ್ನು ಆರೋಪಿಗಳ ಪಟ್ಟಿಯಲ್ಲಿ ಕೂರಿಸಿತ್ತು. ಇಪ್ಪತ್ತೈದು ವರ್ಷಗಳ ನಂತರ, ಈ ಬಿಸಿಯ ತೀರ್ಪನ್ನು ಕೊಟ್ಟ ಅದೇ ಕಲಾಪದಲ್ಲಿ, ಸಾಕ್ಷ್ಯ ಸಾಲದೆಂದು ಬಿಟ್ಟು ಕಳುಹಿಸಿತು. ಕಾಫಿ ಖುಲಾಸೆಯಾಯಿತು, ಬಿಸಿ ಸಿಕ್ಕಿಬಿತ್ತು. ನ್ಯಾಯವಾಗಿ ಹೇಳಬೇಕೆಂದರೆ, ಈ ವರ್ಗೀಕರಣ ಸಾಕ್ಷ್ಯದ ಬಲವನ್ನು ಅಳೆಯುತ್ತದೆಯೇ ಹೊರತು ಅಪಾಯದ ಗಾತ್ರವನ್ನಲ್ಲ; ಆದರೆ ಹೀಗೆ ವಿವರಿಸುತ್ತ ಕುಳಿತರೆ ಸುದ್ದಿಯ ತಲೆಬರಹ ತುಂಬುವುದು ಹೇಗೆ? ರಾತ್ರಿ ಪಾಳಿಯ ದುಡಿಮೆಯೂ ಇದೇ ವರ್ಗದಲ್ಲಿದೆ. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಬಿಸಿ ಬಿಸಿ ಚಹಾ ಕುಡಿಯುವವನು ತನ್ನ ಅಪರಾಧವನ್ನು ಯಾವ ಕಲಮಿನಡಿ ಒಪ್ಪಿಕೊಳ್ಳಬೇಕೋ ತಿಳಿಯದು.

ಕ್ಯಾಲಿಫೋರ್ನಿಯಾದ ಕಥೆ ಇನ್ನೂ ಸೊಗಸಾಗಿದೆ. ಬೀಜ ಹುರಿಯುವಾಗ ಅಕ್ರಿಲಮೈಡ್ ಎಂಬ ರಾಸಾಯನಿಕ ಹುಟ್ಟುತ್ತದೆಂಬ ಕಾರಣಕ್ಕೆ, ಕಾಫಿ ಮಾರುವವರು ಕ್ಯಾನ್ಸರ್ ಎಚ್ಚರಿಕೆಯ ಫಲಕ ಹಾಕಬೇಕೆಂದು 2018ರಲ್ಲಿ ಅಲ್ಲಿಯ ನ್ಯಾಯಾಧೀಶರೊಬ್ಬರು ತೀರ್ಪಿತ್ತರು. ಮರುವರ್ಷವೇ ರಾಜ್ಯ ಸರ್ಕಾರವು ಕಾಫಿಗೆ ವಿನಾಯಿತಿ ಕೊಟ್ಟಿತು. ಒಂದೇ ಬಟ್ಟಲು ಒಂದು ವರ್ಷ ವಿಷ, ಮರುವರ್ಷ ಪಾನೀಯ. ಕುಡಿಯುವವರು ಮಾತ್ರ ಎರಡೂ ವರ್ಷ ಕುಡಿದರು.

ಅಧಿಕಾರಕ್ಕೂ ಬಟ್ಟಲಿಗೂ ಇರುವ ಈ ನಂಟು ಹಳೆಯದು. ಮೆಕ್ಕಾದಲ್ಲಿ 1511ರಲ್ಲಿ ಖೈರ್ ಬೇಗ್ ಎಂಬ ಅಧಿಕಾರಿ ಪಂಡಿತರನ್ನೂ ವೈದ್ಯರನ್ನೂ ಸೇರಿಸಿ ಕಾಫಿಯ ವಿಚಾರಣೆ ನಡೆಸಿ ನಿಷೇಧ ಹೇರಿದ. ಕೈರೋದಲ್ಲಿದ್ದ ಸುಲ್ತಾನನಿಗೆ ಅದು ಹಿಡಿಸಲಿಲ್ಲ. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ 1675ರ ಡಿಸೆಂಬರ್ ಕೊನೆಯಲ್ಲಿ, ಜನರು ಕಾಫಿಮನೆಗಳಲ್ಲಿ ಕುಳಿತು ಸರ್ಕಾರದ ಮೇಲೆ ಸುಳ್ಳುಸುದ್ದಿ ಹಬ್ಬಿಸುತ್ತಾರೆಂದು ಅವನ್ನೆಲ್ಲ ಜನವರಿ 10ರಿಂದ ಮುಚ್ಚುವಂತೆ ಆಜ್ಞೆ ಹೊರಡಿಸಿದ. ಎದ್ದ ಗದ್ದಲಕ್ಕೆ ಬೆದರಿ, ಆಜ್ಞೆ ಜಾರಿಗೆ ಬರುವ ಎರಡು ದಿನ ಮೊದಲೇ ಅದನ್ನು ಹಿಂತೆಗೆದುಕೊಂಡ. ಆತನ ಸಿಂಹಾಸನ ಉಳಿದದ್ದು ಆ ಎರಡು ದಿನದ ವಿವೇಕದಿಂದಲೇ ಇರಬೇಕು ಎಂಬುದು ನನ್ನ ಖಾಸಗಿ ಅನುಮಾನ. ಪ್ರಷ್ಯದ ಫ್ರೆಡರಿಕ್ ಮಹಾಶಯ ಇನ್ನೂ ಮುಂದೆ ಹೋದ. ಕಾಫಿಯ ಹೆಸರಲ್ಲಿ ನಾಡಿನ ಹಣ ಹೊರಗೆ ಹರಿಯುತ್ತಿದೆ, ನನ್ನ ಪ್ರಜೆಗಳು ಬಿಯರ್ ಕುಡಿಯಲಿ ಎಂದು 1777ರಲ್ಲಿ ಸಾರಿದ. ಆಮೇಲೆ ಬೀಜ ಹುರಿಯುವುದನ್ನೇ ಸರ್ಕಾರದ ಏಕಸ್ವಾಮ್ಯಕ್ಕೆ ತಂದು, ಕದ್ದು ಹುರಿಯುವವರನ್ನು ಹಿಡಿಯಲು ಮಾಜಿ ಸೈನಿಕರನ್ನು ಬೀದಿ ಬೀದಿಯಲ್ಲಿ ಮೂಸುತ್ತ ಅಲೆಯಲು ನೇಮಿಸಿದ. ಯುದ್ಧ ಮಾಡಿ ಬಂದ ಯೋಧರಿಗೆ ಸರ್ಕಾರ ಕೊಟ್ಟ ಹುದ್ದೆಯ ಹೆಸರೇ ಕಾಫಿ ಮೂಸುವವರು.

ಇದೆಲ್ಲ ರಾಜರ ಕಾಲದ ಹುಚ್ಚು ಎನ್ನುವವರು 2024ರ ಜನವರಿಯನ್ನು ನೆನೆಯಬೇಕು. ಚಿಟಿಕೆ ಉಪ್ಪು ಹಾಕಿದರೆ ಚಹಾದ ಕಹಿ ತಗ್ಗುತ್ತದೆಂದು ಅಮೆರಿಕದ ರಸಾಯನಶಾಸ್ತ್ರದ ಪ್ರಾಧ್ಯಾಪಕಿಯೊಬ್ಬರು ಬರೆದರು. ಸೋಡಿಯಂ ನಾಲಗೆಯ ಮೇಲೆ ಕಹಿಯನ್ನು ಅಡಗಿಸುತ್ತದೆ ಎಂಬುದು ವಿಜ್ಞಾನವೇ. ಆದರೆ ಲಂಡನ್ನಿನ ಅಮೆರಿಕ ರಾಯಭಾರ ಕಚೇರಿ ಗಾಬರಿಯಿಂದ ಪತ್ರಿಕಾ ಪ್ರಕಟಣೆ ಹೊರಡಿಸಿ, ಉಪ್ಪು ಹಾಕುವುದು ಅಮೆರಿಕದ ಅಧಿಕೃತ ನೀತಿಯಲ್ಲ, ಎಂದಿಗೂ ಆಗುವುದಿಲ್ಲ ಎಂದು ಭರವಸೆ ಕೊಟ್ಟಿತು. ತಾವು ಮಾತ್ರ ಸರಿಯಾದ ಕ್ರಮದಲ್ಲಿ, ಅಂದರೆ ಮೈಕ್ರೋವೇವಿನಲ್ಲಿ, ಚಹಾ ಕಾಯಿಸುವುದನ್ನು ಮುಂದುವರಿಸುತ್ತೇವೆಂದೂ ಸೇರಿಸಿತು. ಬ್ರಿಟನ್ನಿನ ಸಂಪುಟ ಕಚೇರಿಯು ಚಹಾಕ್ಕೆ ಕೆಟಲೇ ಆಗಬೇಕೆಂದು ಪ್ರತ್ಯುತ್ತರ ನೀಡಿತು. ಎರಡೂ ಕಡೆ ತಮಾಷೆಗೇ ಬರೆದರೆಂದು ಹೇಳುತ್ತಾರೆ, ನಾನೂ ನಂಬುತ್ತೇನೆ. ಆದರೂ ಆ ತಮಾಷೆಗೆ ಸರ್ಕಾರಿ ಲಾಂಛನ ಬೇಕಾಯಿತು.

ಅಷ್ಟರಲ್ಲಿ ಗಡಿಯಾರ ನೋಡಿದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ 2015ರ ಅಭಿಪ್ರಾಯದಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ತೊಂದರೆ ಕೊಡದು. ಒಳಗೆ ಹೋದದ್ದರಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಅಳತೆ, ತೂಕ, ಅಧ್ಯಯನಗಳ ನಡುವೆ ಮಧ್ಯಾಹ್ನವಾಗಿಬಿಟ್ಟಿತ್ತು. ಇನ್ನು ಕುಡಿದರೆ ರಾತ್ರಿಯ ನಿದ್ದೆಗೆ ಬಾಧೆ, ಕುಡಿಯದಿದ್ದರೆ ಬೆಳಗಿನಿಂದ ಕಾದ ತಲೆನೋವಿಗೆ ಪೋಷಣೆ.

ದಾರಿ ಕಾಣದೆ ಮಾನಕವನ್ನು ಮೊದಲಿನಿಂದ ಓದಿದೆ. ಅವಸರದಲ್ಲಿ ಹಾರಿಸಿದ್ದ ಮಾತು ಆಗ ಕಣ್ಣಿಗೆ ಬಿತ್ತು: ಈ ವಿಧಾನ ರುಚಿಪರೀಕ್ಷೆಗಾಗಿ ಮಾತ್ರ, ಬೇರೆ ಬೇರೆ ಚಹಾಗಳನ್ನು ಒಂದೇ ತಕ್ಕಡಿಯಲ್ಲಿ ಹೋಲಿಸಲು, ದಿನನಿತ್ಯ ಕುಡಿಯಲು ಅಲ್ಲ. ರುಚಿಪರೀಕ್ಷಕರು ಸಾಮಾನ್ಯವಾಗಿ ಚಹಾವನ್ನು ಜೋರಾಗಿ ಸೊರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಉಗುಳಿಬಿಡುತ್ತಾರೆ. ನೋಡಿ, ಎಲ್ಲ ಸಂಸ್ಥೆಗಳಿಗೂ ಸಮ್ಮತವಾಗುವ ಪರಿಹಾರ ಇದೊಂದೇ. ಅನ್ನನಾಳಕ್ಕೆ ಬಿಸಿ ಇಲ್ಲ, ರಕ್ತಕ್ಕೆ ಕೆಫೀನ್ ಇಲ್ಲ, ಬಾಯಿ ತುಂಬಿರುವಾಗ ರಾಜನ ಮೇಲೆ ಸುಳ್ಳುಸುದ್ದಿಯೂ ಇಲ್ಲ. ಸೊರ್ರೆಂದು ಎಳೆದೆ, ಆಡಿಸಿದೆ, ಪಾತ್ರೆ ತೊಳೆಯುವ ತೊಟ್ಟಿಗೆ ವಿಧಿವತ್ತಾಗಿ ಉಗುಳಿದೆ.

ಈಗ ಒಲೆಯ ಮೇಲೆ ಮತ್ತೆ ನೀರು ಇಟ್ಟಿದ್ದೇನೆ. ಅಳತೆಪಟ್ಟಿ ಎಲ್ಲಿಟ್ಟೆನೋ ಸಿಗುತ್ತಿಲ್ಲ.